ಕೋವಿಯ ಗರ್ಭದೊಳಗಣ ಒತ್ತಡ: ಅಳತೆಯೂ ಅಂದಾಜೂ

ರೈಫಲಿನ ಕೇಪು ಸಿಡಿದ ಕ್ಷಣದಿಂದ ಗುಂಡು ನಳಿಗೆಯ ಬಾಯನ್ನು ದಾಟುವವರೆಗೆ ಕಳೆಯುವ ಕಾಲವು ಒಂದು ಸೆಕೆಂಡಿನ ಸಾವಿರದ ಎರಡು ಮೂರು ಅಂಶಗಳು ಮಾತ್ರ. ಈ ಅತ್ಯಲ್ಪಾವಧಿಯಲ್ಲಿ ಮದ್ದು ಉರಿದು ಅನಿಲವಾಗುತ್ತದೆ. ಆ ಅನಿಲದ ಒತ್ತಡವು ಸಾವಿರಾರು ಪಟ್ಟು ಏರಿ, ಗುಂಡು ಇನ್ನೂ ಕೆಲವು ಅಂಗುಲ ಸಾಗುವುದರೊಳಗೆ ತನ್ನ ಶಿಖರವನ್ನು ಮುಟ್ಟಿ, ಅನಂತರ ಇಳಿಯುತ್ತದೆ. ಹೊರಗೆ ನಿಂತ ಮನುಷ್ಯನಿಗೆ ಶಬ್ದವೊಂದು ಕೇಳಿಸುತ್ತದೆ, ಹೆಗಲಿಗೆ ಒದೆತವೊಂದು ತಗಲುತ್ತದೆ. ಶಿಖರದ ಎತ್ತರವೆಷ್ಟೆಂಬುದು ಮಾತ್ರ ಆತನ ಯಾವ ಇಂದ್ರಿಯಕ್ಕೂ ಗೋಚರವಾಗುವುದಿಲ್ಲ. ಆದರೆ ಆತನ ಕಣ್ಣು, ಕೈ, ಕೆಲವೊಮ್ಮೆ ಪ್ರಾಣವೂ ಆ ಎತ್ತರವನ್ನೇ ಅವಲಂಬಿಸಿರುತ್ತವೆ. ಹಳೆಯ ಕಾಲದ, ಸಣ್ಣ ರಂಧ್ರದ ರೈಫಲುಗಳಿಗೆ ಎರಕದ ಸೀಸದ ಗುಂಡನ್ನು ಬಳಸಿ ಕೈಯಿಂದಲೇ ತೋಟಾ ತುಂಬುವವರು ಈ ಅಗೋಚರ ಒತ್ತಡವನ್ನು ಹೇಗೆ ಅಂದಾಜು ಮಾಡುತ್ತಾರೆ, ಆ ಅಂದಾಜುಗಳಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ವಿದ್ಯಾಸಂಸ್ಥೆಯೊಂದರ ಸಂಚಿಕೆಗೆ ಕೋವಿಯ ವಿಷಯವೇಕೆಂದು ಕೆಲವರಿಗೆ ಅನಿಸಬಹುದು. ಕಾಣದುದನ್ನು ಅಳೆಯುವ ವಿದ್ಯೆಯೇ ಭೌತವಿಜ್ಞಾನವಷ್ಟೆ. ಆ ವಿದ್ಯೆಯ ಸೊಗಸೂ ತೊಡಕೂ ಇಷ್ಟು ಸ್ಪಷ್ಟವಾಗಿ ತೋರುವ ಉದಾಹರಣೆಗಳು ವಿರಳ.

ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ತೋಟಾಗಳನ್ನು ಸ್ವಂತಕ್ಕೆ ತುಂಬಿಕೊಳ್ಳುವುದು ಬಹುಕಾಲದ ಹವ್ಯಾಸ. ಒಮ್ಮೆ ಹಾರಿಸಿದ ಹಿತ್ತಾಳೆಯ ಕೋಶವನ್ನು ಎತ್ತಿಟ್ಟುಕೊಂಡು, ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂಡಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತಯಾರಾದ ಅನೇಕ ರೈಫಲುಗಳಿಗೆ ಕಾರ್ಖಾನೆಯ ತೋಟಾ ಈಗ ಸುಲಭವಾಗಿ ದೊರೆಯದಿರುವುದರಿಂದ, ಅವನ್ನು ಬಳಸಬೇಕೆನ್ನುವವರಿಗೆ ಬೇರೆ ಮಾರ್ಗವೇ ಕಡಿಮೆ. ನಮ್ಮ ದೇಶದಲ್ಲಾದರೋ 1959ರ ಆಯುಧ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದುದರಿಂದ ಇಲ್ಲಿ ಬರೆದಿರುವುದು ತಿಳಿವಳಿಕೆಗಾಗಿಯೇ ಹೊರತು ಪ್ರಯೋಗಕ್ಕಾಗಿ ಅಲ್ಲ. ಮದ್ದಿನ ತೂಕದ ಯಾವ ಲೆಕ್ಕವನ್ನೂ ಇಲ್ಲಿ ಕೊಟ್ಟಿಲ್ಲ.

ಮದ್ದಿನ ಬಲವೆಷ್ಟೆಂಬ ಪ್ರಶ್ನೆಗೆ ವೈಜ್ಞಾನಿಕ ರೀತಿಯಲ್ಲಿ ಉತ್ತರ ಹುಡುಕಿದವರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಮೊದಲಿಗನೆನ್ನಬಹುದು. 1742ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು, ಉರಿದ ಮದ್ದಿನ ಅನಿಲವು ವಾಯುಮಂಡಲದ ಸುಮಾರು 1,000 ಪಟ್ಟು ಒತ್ತಡವನ್ನು ಬೀರುತ್ತದೆಂದು ಗಣಿಸಿದನು. ತೂಗುವ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ದೂರ ಹಿಂದೆ ಸರಿಯಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ಉಪಾಯವೂ ಆತನದೇ. ಈ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ದಕ್ಷಿಣ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನೆಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಆತನ ತರುವಾಯ ಕೌಂಟ್ ರಮ್‌ಫೋರ್ಡ್ ದಪ್ಪನೆಯ ಕಬ್ಬಿಣದ ನಳಿಗೆಯೊಳಗೆ ಮದ್ದನ್ನು ಬಂಧಿಸಿ, ಅದರ ಬಾಯಿಯ ಮೇಲೆ ಭಾರವಿಟ್ಟು, ಯಾವ ಭಾರವನ್ನು ಅದು ಎತ್ತಬಲ್ಲದೆಂದು ಪರೀಕ್ಷಿಸಿದನು. 1797ರಲ್ಲಿ ಪ್ರಕಟವಾದ ಆತನ ಗಣನೆಯ ಮೇಲಿನ ಮಿತಿ ಒಂದು ಲಕ್ಷ ವಾಯುಮಂಡಲಗಳನ್ನು ಮುಟ್ಟಿತು. ಇಬ್ಬರೂ ಸಾಮಾನ್ಯರಲ್ಲ, ಇಬ್ಬರೂ ಪ್ರಯೋಗನಿಷ್ಠರು. ಆದರೂ ಒಬ್ಬನ ಸಂಖ್ಯೆ ಮತ್ತೊಬ್ಬನದಕ್ಕಿಂತ ನೂರು ಪಟ್ಟು ದೊಡ್ಡದು! 1875ರಲ್ಲಿ ಆಂಡ್ರ್ಯೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ ಎಂಬ ಇಬ್ಬರು ವಿದ್ವಾಂಸರು ಮುಚ್ಚಿದ ಉಕ್ಕಿನ ಪಾತ್ರೆಯ ಪ್ರಯೋಗಗಳನ್ನು ಪ್ರಕಟಿಸಿ, ಪಾತ್ರೆಯನ್ನು ಪೂರ್ತಿ ತುಂಬಿದ ಕರಿಮದ್ದು ಸುಮಾರು 6,400 ವಾಯುಮಂಡಲಗಳ ಒತ್ತಡವನ್ನು ಉಂಟುಮಾಡುತ್ತದೆಂದು ತೋರಿಸಿದ ಮೇಲೆಯೇ ಈ ವಿವಾದಕ್ಕೆ ಒಂದು ನೆಲೆ ದೊರೆತದ್ದು.

ನೋಬಲ್ ಬಳಸಿದ ಸಾಧನವು ಅತ್ಯಂತ ಸರಳವಾದುದು. ಕೋವಿಯ ಗೋಡೆಗೆ ಒಂದು ಸಣ್ಣ ರಂಧ್ರ ಕೊರೆದು, ಅದರಲ್ಲಿ ಉಕ್ಕಿನ ಕೊಂತವೊಂದನ್ನು ಕೂಡಿಸಿ, ಅದರ ಹೊರತುದಿಗೆ ತಾಮ್ರದ ಪುಟ್ಟ ಉರುಳೆಯೊಂದನ್ನು ಒತ್ತಿ ಇಡುವುದು. ಉರುಳೆಯ ಬೆನ್ನಿಗೆ ಅಲುಗದ ಆಧಾರವಿರಬೇಕು. ಈಡು ಹಾರಿದಾಗ ಅನಿಲವು ಕೊಂತವನ್ನು ತಳ್ಳುತ್ತದೆ, ಕೊಂತವು ತಾಮ್ರವನ್ನು ಜಜ್ಜುತ್ತದೆ. ಉರುಳೆಯ ಎತ್ತರ ಎಷ್ಟು ಕುಗ್ಗಿತೆಂದು ಅಳೆದು, ತಿಳಿದ ಭಾರದಡಿಯಲ್ಲಿ ಅಂಥದೇ ಉರುಳೆ ಎಷ್ಟು ಕುಗ್ಗುತ್ತದೆಂಬ ಕೋಷ್ಟಕದೊಡನೆ ಹೋಲಿಸಿದರೆ ಒತ್ತಡ ತಿಳಿಯುತ್ತದೆ. ಕ್ಷಣಮಾತ್ರದ ಒತ್ತಡಕ್ಕೆ ಜಜ್ಜಿದ ತಾಮ್ರವೇ ಸಾಕ್ಷಿ. ಸುಮಾರು ನೂರು ವರ್ಷಗಳ ಕಾಲ ಜಗತ್ತಿನ ಮದ್ದುಗುಂಡಿನ ಕಾರ್ಖಾನೆಗಳೆಲ್ಲ ಈ ಸಾಕ್ಷಿಯನ್ನೇ ನಂಬಿದವು.

ಆದರೆ ಈ ಸಾಕ್ಷಿಯ ಮಾತಿನಲ್ಲಿ ಒಂದು ಕೊರತೆಯಿದೆ. ಕೋಷ್ಟಕವನ್ನು ಸಿದ್ಧಪಡಿಸುವಾಗ ಭಾರವನ್ನು ನಿಧಾನವಾಗಿ ಹೇರುತ್ತಾರೆ. ತಾಮ್ರವು ಸಾವಕಾಶವಾಗಿ ಕುಗ್ಗುತ್ತದೆ. ಕೋವಿಯಲ್ಲಾದರೋ ಶಿಖರದ ಒತ್ತಡವು ಸೆಕೆಂಡಿನ ಸಾವಿರದ ಒಂದಂಶವೂ ನಿಲ್ಲುವುದಿಲ್ಲ. ತಾಮ್ರವು ಕುಗ್ಗಿ ಮುಗಿಯುವಷ್ಟರಲ್ಲಿ ಒತ್ತಡವೇ ಇಳಿದಿರುತ್ತದೆ. ಆದುದರಿಂದ ಅದು ನಿಜಕ್ಕಿಂತ ಕಡಿಮೆ ಹೇಳುತ್ತದೆ. ಒತ್ತಿದಾಗ ವಿದ್ಯುತ್ತನ್ನು ಸೂಸುವ ಸ್ಫಟಿಕಗಳ ಗುಣವನ್ನು ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದಿದ್ದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಂತಹ ಸ್ಫಟಿಕದ ಮಾಪಕಗಳು ಬಳಕೆಗೆ ಬಂದ ಮೇಲೆ ಎರಡೂ ಅಳತೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಸಾಧ್ಯವಾಯಿತು. ಅಮೆರಿಕದ ತಯಾರಕರ ಸಂಸ್ಥೆಯಾದ ‘ಸಾಮಿ’ಯ ಮಾನದಂಡದಲ್ಲಿ 30-06 ಎಂಬ ತೋಟಾದ ಗರಿಷ್ಠ ಮಿತಿ ತಾಮ್ರಮಾನದಲ್ಲಿ 50,000, ಅದೇ ಮಿತಿ ಸ್ಫಟಿಕಮಾನದಲ್ಲಿ ಚದರ ಅಂಗುಲಕ್ಕೆ 60,000 ಪೌಂಡು. 30-30 ತೋಟಾಕ್ಕೆ ಕ್ರಮವಾಗಿ 38,000 ಮತ್ತು 42,000. ಹಳೆಯ 45-70 ತೋಟಾಕ್ಕೆ ಎರಡೂ 28,000. ಇಂತಿಷ್ಟು ಕೂಡಿಸಿದರೆ ಅಥವಾ ಗುಣಿಸಿದರೆ ಒಂದರಿಂದ ಇನ್ನೊಂದು ಬರುತ್ತದೆಂಬ ಸ್ಥಿರವಾದ ಸೂತ್ರ ಇಲ್ಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಹಳೆಯ ಕೈಪಿಡಿಗಳಲ್ಲಿ ತಾಮ್ರಮಾನದ ಸಂಖ್ಯೆಯನ್ನೇ ‘ಚದರ ಅಂಗುಲಕ್ಕೆ ಪೌಂಡು’ ಎಂದು ಅಚ್ಚುಹಾಕಿರುವುದುಂಟು. ಅಂತಹ ಪುಸ್ತಕವನ್ನೂ ಇಂದಿನದನ್ನೂ ಒಟ್ಟಿಗೆ ಇಟ್ಟುಕೊಂಡು ಲೆಕ್ಕ ಮಾಡುವವನು ಸೇರನ್ನೂ ಕಿಲೋವನ್ನೂ ಒಂದೇ ಎಂದು ಭಾವಿಸಿದ ವ್ಯಾಪಾರಿಯಂತಾಗುತ್ತಾನೆ.

ಇನ್ನು ಹಳೆಯ ಸಣ್ಣ ರೈಫಲುಗಳ ವಿಚಾರ. ಇವುಗಳ ಪೈಕಿ ಒಂದು ಕುಟುಂಬವನ್ನು ವಿವರವಾಗಿ ನೋಡಿದರೆ ಸಮಸ್ಯೆಯ ಸ್ವರೂಪವೇ ತಿಳಿಯುತ್ತದೆ. 1882ರಲ್ಲಿ ವಿಂಚೆಸ್ಟರ್ ಕಂಪನಿಯು ತನ್ನ 1873ರ ಮಾದರಿಯ ರೈಫಲಿಗಾಗಿ 32-20 ಎಂಬ ತೋಟಾವನ್ನು ಹೊರತಂದಿತು. ಹೆಸರಿನ ಮೊದಲ ಸಂಖ್ಯೆ ರಂಧ್ರದ ಅಳತೆ, ಅಂಗುಲದ ನೂರರ 32 ಅಂಶ; ಎರಡನೆಯದು ಅಂದು ತುಂಬುತ್ತಿದ್ದ ಕರಿಮದ್ದಿನ ತೂಕ, 20 ಗ್ರೇನು. ಈ ಕೋಶದ ಕತ್ತನ್ನು ಕಿರಿದುಗೊಳಿಸಿ 1895ರ ಹೊತ್ತಿಗೆ 25-20 ಎಂಬ ತೋಟಾವನ್ನು ಮಾಡಿದರು. ಇನ್ನೂ ಕಿರಿದುಗೊಳಿಸಿ 1938ರಲ್ಲಿ 218 ಬೀ ಎಂಬ ಮೂರನೆಯದನ್ನು ತಂದರು. ಮೂರೂ ಒಂದೇ ತಾಯಿಯ ಮಕ್ಕಳು; ಬುಡದ ಹಿತ್ತಾಳೆ ಒಂದೇ. ಆದರೆ ತಾಮ್ರಮಾನದಲ್ಲಿ 32-20ರ ಮಿತಿ 16,000, 25-20ರ ಮಿತಿ 28,000, 218 ಬೀಯ ಮಿತಿ 40,000.

ಹಿತ್ತಾಳೆ ಒಂದೇ ಆದರೂ ಮಿತಿ ಎರಡೂವರೆ ಪಟ್ಟು ಹೆಚ್ಚಿದುದೇಕೆ? ಏಕೆಂದರೆ ಮಿತಿಯು ಹಿತ್ತಾಳೆಯದಲ್ಲ, ಅದನ್ನು ಹಿಡಿದಿಡುವ ರೈಫಲಿನದು. 1873ರ ಮಾದರಿಯಲ್ಲಿ ಬೋಲ್ಟನ್ನು ತಡೆದು ನಿಲ್ಲಿಸುವುದು ಮಂಡಿಯಂತೆ ಮಡಚಿಕೊಳ್ಳುವ ಎರಡು ಕೊಂಡಿಗಳು ಮಾತ್ರ. ಅದು ಕರಿಮದ್ದಿನ ಕಾಲದ ಯಂತ್ರ. ಜಾನ್ ಬ್ರೌನಿಂಗ್ ರೂಪಿಸಿದ 1892ರ ಮಾದರಿಯಲ್ಲಿ ಎರಡು ಉಕ್ಕಿನ ಅಗುಳಿಗಳು ಬೋಲ್ಟಿನ ಇಕ್ಕೆಲಗಳಲ್ಲೂ ಏರಿ ಬಿಗಿಯುತ್ತವೆ. ಎರಡೂ 32-20 ತೋಟಾವನ್ನು ನುಂಗುತ್ತವೆ. ಹೊಗೆರಹಿತ ಮದ್ದು ಬಂದ ಮೇಲೆ 1892ರ ಮಾದರಿಗೆಂದು ಹೆಚ್ಚು ವೇಗದ 32-20 ತೋಟಾಗಳೂ ಮಾರುಕಟ್ಟೆಗೆ ಬಂದವು. 1873ರ ಮಾದರಿಯಲ್ಲಿ ಇವನ್ನು ಬಳಸಕೂಡದೆಂದು ಪೆಟ್ಟಿಗೆಯ ಮೇಲೆಯೇ ಅಚ್ಚುಮಾಡಿದ್ದರು. ಪೆಟ್ಟಿಗೆ ಕಳೆದುಹೋದ ಮೇಲೆ ಎಚ್ಚರಿಕೆಯೂ ಹೋಯಿತು, ತೋಟಾ ಮಾತ್ರ ಉಳಿಯಿತು. ಇಂದು 16,000ದ ತಗ್ಗು ಮಿತಿಯನ್ನು ಇರಿಸಿಕೊಂಡಿರುವುದು ಆ ಅತ್ಯಂತ ದುರ್ಬಲವಾದ ಹಳೆಯ ಆಯುಧವನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಕೈಯಿಂದ ತೋಟಾ ತುಂಬುವವರಲ್ಲಿ ಬಹುಕಾಲದಿಂದ ಬಂದ ಕೆಲವು ‘ಲಕ್ಷಣ’ಗಳಿವೆ. ಹಾರಿಸಿದ ಮೇಲೆ ಕೇಪಿನ ಅಂಚು ಚಪ್ಪಟೆಯಾದರೆ ಒತ್ತಡ ಹೆಚ್ಚು. ಕೋಶವನ್ನು ಹೊರತೆಗೆಯುವುದು ಬಿಗಿಯಾದರೆ ಹೆಚ್ಚು. ಬುಡದ ವ್ಯಾಸ ಉಬ್ಬಿದರೆ ಹೆಚ್ಚು ಎಂಬಿತ್ಯಾದಿ. ಗಟ್ಟಿಮುಟ್ಟಾದ ಆಧುನಿಕ ಬೋಲ್ಟ್ ರೈಫಲಿನ ಮಟ್ಟಿಗೆ ಇವುಗಳಲ್ಲಿ ಅಷ್ಟಿಷ್ಟು ಅರ್ಥವಿದೆ. ಆದರೆ ಹಿತ್ತಾಳೆಯೂ ಕೇಪಿನ ಲೋಹವೂ ಇಂತಹ ಗುರುತುಗಳನ್ನು ತೋರತೊಡಗುವುದು ಸಾಮಾನ್ಯವಾಗಿ ಆಧುನಿಕ ರೈಫಲುಗಳ ಮಿತಿಯ ಆಸುಪಾಸಿನಲ್ಲಿ, ಕೆಲವೊಮ್ಮೆ ಅದನ್ನು ಮೀರಿದ ಮೇಲೆ. ಅದರ ಕಾಲುಭಾಗದ ಒತ್ತಡಕ್ಕೆಂದು ತಯಾರಾದ 1873ರ ರೈಫಲು ಕೇಪು ಚಪ್ಪಟೆಯಾಗುವ ಮೊದಲೇ ತನ್ನ ಕೊಂಡಿಗಳನ್ನು ಕಳೆದುಕೊಂಡಿರುತ್ತದೆ. ಜ್ವರಮಾಪಕದ ಪಾದರಸವು ನೂರೈದು ಡಿಗ್ರಿಯ ಮೇಲೆ ಮಾತ್ರ ಕಾಣಿಸುವಂತಿದ್ದರೆ ಅದರಿಂದ ರೋಗಿಗೆ ಆಗುವ ಉಪಕಾರವೆಷ್ಟು? ಇದಕ್ಕೆ ವಿರುದ್ಧವಾದ ಭ್ರಮೆಯೂ ಉಂಟು. ಒತ್ತಡ ತೀರ ಕಡಿಮೆಯಾದಾಗ ಕೇಪು ಹಿಂದಕ್ಕೆ ಸರಿದು ಕೋಶದ ಬುಡದಿಂದ ಹೊರಚಾಚಿ ನಿಲ್ಲುತ್ತದೆ. ಏಕೆಂದರೆ ಕೋಶವನ್ನು ಹಿಂದಕ್ಕೆ ದೂಡಿ ಅದನ್ನು ಮರಳಿ ಕೂಡಿಸುವಷ್ಟು ಬಲ ಅಲ್ಲಿರುವುದಿಲ್ಲ. ಇದನ್ನು ಕಂಡ ಹೊಸಬರು ಒತ್ತಡ ಮಿತಿಮೀರಿತೆಂದು ಗಾಬರಿಗೊಳ್ಳುವುದುಂಟು.

ಸೀಸದ ಗುಂಡಿನವರಿಗೆ ಇನ್ನೊಂದು ಸೂತ್ರ ಪ್ರಿಯವಾದುದು. ಅದನ್ನು ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸುವುದು ಅವಶ್ಯ, ಏಕೆಂದರೆ ಇಲ್ಲಿ ವಿಜ್ಞಾನವೂ ಇದೆ, ವಿಜ್ಞಾನದ ಅಪಾರ್ಥವೂ ಇದೆ. ಸ್ವೀಡನ್ನಿನ ಎಂಜಿನಿಯರ್ ಬ್ರಿನೆಲ್ 1900ರಲ್ಲಿ ಲೋಹಗಳ ಕಾಠಿನ್ಯವನ್ನು ಅಳೆಯುವ ಸುಲಭ ವಿಧಾನವೊಂದನ್ನು ಲೋಕದ ಮುಂದಿಟ್ಟನು. ಗಟ್ಟಿ ಉಕ್ಕಿನ ಚೆಂಡೊಂದನ್ನು ತಿಳಿದ ಭಾರದಿಂದ ಲೋಹದ ಮೇಲೆ ಒತ್ತಿ, ಉಂಟಾದ ಕುಳಿಯ ವಿಸ್ತೀರ್ಣದಿಂದ ಭಾರವನ್ನು ಭಾಗಿಸುವುದು. ಭಾಗಲಬ್ಧವೇ ಬ್ರಿನೆಲ್ ಸಂಖ್ಯೆ. ಅದರ ಏಕಮಾನ ಚದರ ಮಿಲಿಮೀಟರಿಗೆ ಕಿಲೋಗ್ರಾಂ. ಶುದ್ಧ ಸೀಸದ ಸಂಖ್ಯೆ ಸುಮಾರು 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿದರೆ ಸುಮಾರು 10. ನೂರರಲ್ಲಿ 90 ಪಾಲು ಸೀಸ, 5 ತವರ, 5 ಆಂಟಿಮನಿ ಇರುವ ಪ್ರಸಿದ್ಧ ಮಿಶ್ರಲೋಹದ್ದು ಸುಮಾರು 15. ಅಚ್ಚುಕೂಟದ ಲೈನೋಟೈಪ್ ಲೋಹದಲ್ಲಿ 84 ಪಾಲು ಸೀಸ, 12 ಆಂಟಿಮನಿ, 4 ತವರ. ಅದರ ಸಂಖ್ಯೆ ಸುಮಾರು 22. ಒಂದು ಕಾಲಕ್ಕೆ ನಮ್ಮ ಸಂಚಿಕೆಗಳನ್ನೆಲ್ಲ ಮುದ್ರಿಸಿದ ಕನ್ನಡದ ಅಚ್ಚುಮೊಳೆಗಳೂ ಈ ಮೂರೇ ಲೋಹಗಳ ಸಂತಾನ. ಸಾವಿರಾರು ಸಲ ಕಾಗದವನ್ನು ಒತ್ತಿದರೂ ಅಕ್ಷರದ ಮೂಗು ಮೊಂಡಾಗದಂತೆ ಕಾಪಾಡಿದ ಆಂಟಿಮನಿಯೇ ಗುಂಡಿಗೂ ಗಡಸುತನ ಕೊಡುವುದು. ಅಮೆರಿಕದಲ್ಲಿ ಲೈನೋಟೈಪ್ ಯಂತ್ರಗಳು ಮೂಲೆ ಸೇರಿದಾಗ ಅವುಗಳ ಲೋಹವು ಗುಂಡೆರೆಯುವವರ ಮೂಸೆಗೆ ಬಂದು ಬಿದ್ದುದು ಸಹಜವೇ ಆಗಿತ್ತು.

ಸೂತ್ರವು ಹೀಗಿದೆ: ಬ್ರಿನೆಲ್ ಸಂಖ್ಯೆಯನ್ನು 1,422ರಿಂದ ಗುಣಿಸಿದರೆ, ಆ ಗುಂಡು ತಾಳಬಲ್ಲ ಒತ್ತಡವು ಚದರ ಅಂಗುಲಕ್ಕೆ ಇಷ್ಟು ಪೌಂಡೆಂದು ತಿಳಿಯುತ್ತದೆ. ರಿಚರ್ಡ್ ಲೀ ಎಂಬವರ ಕೈಪಿಡಿಯಿಂದ ಇದು ಬಹಳ ಪ್ರಚಾರಕ್ಕೆ ಬಂದಿತು. 1,422 ಎಂಬ ಸಂಖ್ಯೆಯನ್ನು ನೋಡಿ ಏನೋ ಗಹನವಾದ ಪ್ರಯೋಗಫಲವೆಂದು ಭ್ರಮಿಸಬೇಕಾಗಿಲ್ಲ. ಚದರ ಮಿಲಿಮೀಟರಿಗೆ ಒಂದು ಕಿಲೋಗ್ರಾಂ ಎಂದರೆ ಚದರ ಅಂಗುಲಕ್ಕೆ 1,422 ಪೌಂಡು, ಅಷ್ಟೇ. ಮೆಟ್ರಿಕ್ ಪದ್ಧತಿಗೆ ಒಗ್ಗಿದ ನಮ್ಮ ವಿದ್ಯಾರ್ಥಿಗಳು ಬ್ರಿನೆಲ್ ಸಂಖ್ಯೆಯ ಮುಂದೆ ಎರಡು ಸೊನ್ನೆ ಇಟ್ಟರೆ ಚದರ ಸೆಂಟಿಮೀಟರಿಗೆ ಕಿಲೋಗ್ರಾಂ ಬಂದುಬಿಡುತ್ತದೆ: ಕಾಠಿನ್ಯ 10 ಆದರೆ ಒತ್ತಡ 1,000. ಅಂದರೆ ಈ ಸೂತ್ರವು ಹೇಳುತ್ತಿರುವುದು ಒಂದೇ ಮಾತು: ಚೆಂಡಿನಡಿಯಲ್ಲಿ ಲೋಹ ಯಾವ ಒತ್ತಡಕ್ಕೆ ಹರಿಯಿತೋ, ನಳಿಗೆಯಲ್ಲಿಯೂ ಅದೇ ಒತ್ತಡಕ್ಕೆ ಹರಿಯುತ್ತದೆ.

ಈ ಮಾತು ಎಷ್ಟು ಸರಿ? ಗುಂಡಿನ ಬುಡದ ಮೇಲೆ ಬೀಳುವ ಬಲವನ್ನು ನೋಡೋಣ. 32-20ರ ರಂಧ್ರದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಅರ್ಧ ಚದರ ಸೆಂಟಿಮೀಟರು. ಒತ್ತಡ 1,000 ಇರುವಾಗ ಆರೂವರೆ ಗ್ರಾಂ ತೂಕದ ಗುಂಡಿನ ಬುಡವನ್ನು ಅರ್ಧ ಟನ್ನಿನ ಭಾರ ದೂಡುತ್ತಿರುತ್ತದೆ. ರೈಲನ್ನು ಹಿಂದಿನಿಂದ ಇಂಜಿನ್ ತಳ್ಳುವಾಗ, ಅದಕ್ಕೆ ತಗುಲಿದ ಮೊದಲ ಬೋಗಿಯ ಮೇಲೆ ಮುಂದಿನ ಎಲ್ಲ ಬೋಗಿಗಳ ಭಾರ ಬೀಳುವಂತೆ, ಗುಂಡಿನ ಬುಡದ ಪದರವು ಇಡೀ ಗುಂಡಿನ ಜಡತ್ವವನ್ನು ಹೊರುತ್ತದೆ. ಮೂಗಿನ ಕಡೆಗೆ ಹೋದಂತೆ ಹೊರೆ ಕಡಿಮೆಯಾಗುತ್ತದೆ. ಸುತ್ತಲೂ ತಡೆಯಿಲ್ಲದೆ ನಿಂತ ಲೋಹದ ಕಂಬವು ಬ್ರಿನೆಲ್ ಸಂಖ್ಯೆಯ ಸುಮಾರು ಮೂರನೆಯ ಒಂದು ಪಾಲಿನ ಒತ್ತಡಕ್ಕೇ ಹರಿಯತೊಡಗುತ್ತದೆಂದು ಡೇವಿಡ್ ಟೇಬರ್ ಲೋಹಗಳ ಕಾಠಿನ್ಯವನ್ನು ಕುರಿತ 1951ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಚೆಂಡಿನಡಿಯ ಲೋಹಕ್ಕೆ ಸುತ್ತಲಿನ ಲೋಹವು ಆಸರೆ ಕೊಡುತ್ತದೆ, ಆದುದರಿಂದಲೇ ಅದು ಮೂರು ಪಟ್ಟು ತಾಳುವುದು. ನಳಿಗೆಯಲ್ಲಿರುವ ಗುಂಡಿಗೂ ಉಕ್ಕಿನ ಗೋಡೆಯ ಆಸರೆಯಿದೆ. ಹೊರಕ್ಕೆ ಹರಿಯಲು ಎಡೆಯಿಲ್ಲ. ಎರಡು ಸ್ಥಿತಿಗಳೂ ತದ್ರೂಪವಲ್ಲದಿದ್ದರೂ ಹತ್ತಿರದವು. ಹೀಗಾಗಿ ಸೂತ್ರವು ಒರಟಾದರೂ ನಿರಾಧಾರವಲ್ಲ. ಗುಂಡು ಯಾವಾಗ ತನ್ನ ಆಕಾರಗೆಟ್ಟು ಗುರಿ ತಪ್ಪಬಹುದೆಂಬುದಕ್ಕೆ ಅದೊಂದು ಕೈದೀವಿಗೆ.

ಆದರೆ ಆ ದೀವಿಗೆಯು ಬೆಳಗುವುದು ಗುಂಡನ್ನು ಮಾತ್ರ, ರೈಫಲನ್ನಲ್ಲ. ಇದನ್ನು ಮರೆತುದರಿಂದಲೇ ಅನರ್ಥ. ಲೈನೋಟೈಪ್ ಲೋಹದ ಗುಂಡಿಗೆ ಸೂತ್ರವು ಸುಮಾರು 31,000ದ ಒತ್ತಡವನ್ನು ಅನುಮತಿಸುತ್ತದೆ. 1873ರ 32-20 ರೈಫಲಿನ ಮಿತಿ ಅದರ ಅರ್ಧ. ಗುಂಡನ್ನು ಗಡಸುಗೊಳಿಸಿದ ಮಾತ್ರಕ್ಕೆ ನೂರು ವರ್ಷ ಮೀರಿದ ಕೊಂಡಿಗಳು ಗಡಸಾಗುವುದಿಲ್ಲ. ಇನ್ನು ಕೆಲವರು ಇದೇ ಸೂತ್ರವನ್ನು ತಲೆಕೆಳಗು ಮಾಡಿ ಒತ್ತಡಮಾಪಕವನ್ನಾಗಿ ಬಳಸುತ್ತಾರೆ: ‘ನನ್ನ ಗುಂಡಿನ ಕಾಠಿನ್ಯ 10, ನಳಿಗೆಯಲ್ಲಿ ಸೀಸ ಮೆತ್ತಿಕೊಂಡಿಲ್ಲ, ಆದುದರಿಂದ ಒತ್ತಡ 14,000ಕ್ಕಿಂತ ಕಡಿಮೆಯಿರಬೇಕು.’ ಇದು ತರ್ಕವಲ್ಲ, ತರ್ಕಾಭಾಸ. ನಳಿಗೆಗೆ ಸೀಸ ಮೆತ್ತುವುದಕ್ಕೆ ಗುಂಡಿನ ವ್ಯಾಸ ಕಿರಿದಾಗಿ ಅನಿಲ ಸೋರುವುದು, ನಳಿಗೆಯ ಒಳಮೈ ಒರಟಾಗಿರುವುದು, ಸವರಿದ ಮೇಣ ಸಾಲದಿರುವುದು ಮುಂತಾಗಿ ಹತ್ತು ಕಾರಣಗಳಿವೆ. ಮೆತ್ತದಿರುವುದಕ್ಕೂ ಅಷ್ಟೇ ಕಾರಣಗಳಿವೆ. ಬುಡಕ್ಕೆ ತಾಮ್ರದ ಪುಟ್ಟ ಬಟ್ಟಲು ಕೂಡಿಸಿದ್ದರಂತೂ ಹೇಳಬೇಕಾದುದೇ ಇಲ್ಲ. ಸೀಸವು ವಿದ್ಯುತ್ತಿನ ಫ್ಯೂಜಿನಂತೆ ಮಿತಿ ದಾಟಿದೊಡನೆ ಕರಗಿ ಕೋವಿಯನ್ನು ಕಾಪಾಡುವುದಿಲ್ಲ. ಅದು ಹರಿದು ನಳಿಗೆಯನ್ನು ಇನ್ನಷ್ಟು ಬಿಗಿಯಾಗಿ ತುಂಬುತ್ತದೆ, ಅಷ್ಟೆ.

ವೇಗದಿಂದ ಒತ್ತಡವನ್ನು ತಿಳಿಯಬಹುದೇ? ವೇಗವನ್ನು ಅಳೆಯುವ ಉಪಕರಣಗಳು ಇಂದು ಅಗ್ಗವಾಗಿವೆ; ರಾಬಿನ್ಸನ ಮರದ ದಿಮ್ಮಿ ಬೇಕಾಗಿಲ್ಲ. 32-20ರ ಆರೂವರೆ ಗ್ರಾಂ ಗುಂಡು ಸೆಕೆಂಡಿಗೆ 366 ಮೀಟರ್ ವೇಗದಿಂದ ಹೊರಟರೆ ಅದರ ಚಲನಶಕ್ತಿ ಸುಮಾರು 434 ಜೂಲ್. ನಳಿಗೆಯಲ್ಲಿ ಅದು ಸಾಗಿದ ದೂರ 58 ಸೆಂಟಿಮೀಟರ್ ಎಂದಿಟ್ಟುಕೊಂಡು ಭಾಗಿಸಿದರೆ ಸರಾಸರಿ ಬಲ ಸುಮಾರು 750 ನ್ಯೂಟನ್. ಅದನ್ನು ರಂಧ್ರದ ವಿಸ್ತೀರ್ಣದಿಂದ ಭಾಗಿಸಿದರೆ ಸರಾಸರಿ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 155 ಕಿಲೋಗ್ರಾಂ, ಅಂದರೆ ಚದರ ಅಂಗುಲಕ್ಕೆ 2,200 ಪೌಂಡು. ಇದು ರೈಫಲಿನ ಮಿತಿಯ ಏಳನೆಯ ಒಂದು ಪಾಲು ಮಾತ್ರ! ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಬೇರೊಂದು ಪ್ರಶ್ನೆಗೆ ಉತ್ತರ. ಹೊಲವೊಂದರ ವಿಸ್ತೀರ್ಣ ನಾಲ್ಕು ಎಕರೆ ಎಂದು ಪಹಣಿಯಲ್ಲಿ ಬರೆದಿದ್ದರೆ ಅದು ಚೌಕವೋ, ಕಾಲುವೆಯ ಗುಂಟ ಚಾಚಿದ ಪಟ್ಟಿಯೋ ಎಂಬುದು ತಿಳಿಯುವುದಿಲ್ಲ. ಹಾಗೆಯೇ ವೇಗವು ಒತ್ತಡರೇಖೆಯ ಕೆಳಗಿನ ಒಟ್ಟು ವಿಸ್ತೀರ್ಣವನ್ನು ಹೇಳುತ್ತದೆ, ಶಿಖರವನ್ನಲ್ಲ. ಬೇಗ ಉರಿಯುವ ಮದ್ದು ಚೂಪಾದ ಎತ್ತರದ ಶಿಖರವನ್ನು ಎಬ್ಬಿಸುತ್ತದೆ. ನಿಧಾನವಾಗಿ ಉರಿಯುವುದು ತಗ್ಗಾದ ಉದ್ದನೆಯ ದಿಬ್ಬವನ್ನು. ಒಂದೇ ವೇಗದ ಎರಡು ತೋಟಾಗಳಲ್ಲಿ ಒಂದು ಸುರಕ್ಷಿತವೂ ಇನ್ನೊಂದು ಮಾರಕವೂ ಆಗಿರುವುದು ಹೀಗೆ. ಆದರೂ ಪ್ರಕಟವಾದ ಕೈಪಿಡಿಯ ಮದ್ದು, ಗುಂಡು, ಕೇಪುಗಳನ್ನೇ ಅನುಸರಿಸಿದವನಿಗೆ ವೇಗದ ಅಳತೆ ಒಳ್ಳೆಯ ಕಾವಲುಗಾರ. ಕೈಪಿಡಿ ಹೇಳಿದ್ದಕ್ಕಿಂತ ವೇಗ ಹೆಚ್ಚು ಬಂದರೆ ಒತ್ತಡವೂ ಹೆಚ್ಚಾಗಿದೆಯೆಂದು ಧಾರಾಳವಾಗಿ ತಿಳಿಯಬಹುದು.

ನಳಿಗೆಯ ಹೊರಮೈಗೆ ಅಂಟಿಸುವ ವಿಕೃತಿಮಾಪಕವೆಂಬ ತೆಳ್ಳನೆಯ ತಂತಿಯ ಜಾಲರಿಯೂ ಇಂದು ಹವ್ಯಾಸಿಗಳ ಕೈಗೆಟಕುತ್ತದೆ. ಒಳಗೆ ಒತ್ತಡವೇರಿದಾಗ ಉಕ್ಕು ಹಿಗ್ಗುತ್ತದೆ, ಅದರೊಡನೆ ತಂತಿಯೂ ಹಿಗ್ಗಿ ಅದರ ವಿದ್ಯುತ್‌ರೋಧ ಬದಲಾಗುತ್ತದೆ. ಹಿಗ್ಗುವುದೆಷ್ಟು? ಒಳವ್ಯಾಸ 9, ಹೊರವ್ಯಾಸ 24 ಮಿಲಿಮೀಟರ್ ಇರುವ ಉಕ್ಕಿನಲ್ಲಿ 1,100 ಕಿಲೋಗ್ರಾಂ ಒತ್ತಡಕ್ಕೆ ಹೊರವ್ಯಾಸವು ಮಿಲಿಮೀಟರಿನ ಸುಮಾರು 250ರ ಒಂದು ಅಂಶದಷ್ಟು ಬೆಳೆಯುತ್ತದೆ. ಇದು ತಲೆಗೂದಲಿನ ದಪ್ಪದ ಹದಿನೈದನೆಯ ಒಂದು ಪಾಲಿಗೂ ಕಡಿಮೆ. ಮಾಪಕವು ಇದನ್ನೂ ಗುರುತಿಸುತ್ತದೆ. ಆದರೆ ಗೋಡೆಯ ದಪ್ಪವನ್ನು ತುಸು ತಪ್ಪಾಗಿ ಅಳೆದರೂ ಒತ್ತಡದ ಲೆಕ್ಕವೆಲ್ಲ ಏರುಪೇರಾಗುವುದರಿಂದ, ಎರಡು ತೋಟಾಗಳ ನಡುವಣ ತಾರತಮ್ಯಕ್ಕೆ ಅದು ಉತ್ತಮ, ನಿರಪೇಕ್ಷ ಸಂಖ್ಯೆಗೆ ಅಷ್ಟಾಗಿ ಅಲ್ಲ. ಗಣಕಯಂತ್ರದ ಕ್ರಮವಿಧಿಗಳೂ ಬಂದಿವೆ. ಅವು ಕೋಶದ ತುಂಬ ಮದ್ದಿರುವ, ತಾಮ್ರಕವಚದ ಗುಂಡಿನ ತೋಟಾಕ್ಕೆ ಚೆನ್ನಾಗಿ ಹೊಂದುತ್ತವೆ. ಮೆತ್ತನೆಯ ಸೀಸ, ಅರೆಖಾಲಿ ಕೋಶಗಳ ವಿಷಯದಲ್ಲಿ ಅವುಗಳ ಉತ್ತರವನ್ನು ಸಂಶಯದಿಂದಲೇ ಕಾಣಬೇಕು.

ಸಣ್ಣ ತೋಟಾಗಳ ತೊಂದರೆಯೇ ಅವುಗಳ ಸಣ್ಣತನ. 32-20ರಲ್ಲಿ ಗುಂಡು ಕೂತ ಮೇಲೆ ಮದ್ದಿಗೆ ಉಳಿಯುವ ಅವಕಾಶ ಒಂದು ಘನ ಸೆಂಟಿಮೀಟರಿನ ಆಸುಪಾಸು. ಗುಂಡನ್ನು ಒಂದು ಮಿಲಿಮೀಟರ್ ಹೆಚ್ಚು ಆಳಕ್ಕೆ ಒತ್ತಿದರೆ ಅದರ ಇಪ್ಪತ್ತನೆಯ ಒಂದು ಪಾಲು ಕಡಿಮೆಯಾಗುತ್ತದೆ, ಒತ್ತಡ ಅದಕ್ಕೆ ತಕ್ಕಂತೆ ಏರುತ್ತದೆ. ದೊಡ್ಡ ತೋಟಾದಲ್ಲಿ ಗಣನೆಗೆ ಬಾರದ ತಕ್ಕಡಿಯ ತಪ್ಪು ಇಲ್ಲಿ ದೊಡ್ಡ ತಪ್ಪಾಗುತ್ತದೆ.

ಒಳಗಿನ ಒತ್ತಡವನ್ನು ಎಷ್ಟು ಜಾಣತನದಿಂದ ಅಳೆದರೂ ಅದನ್ನು ತಾಳುವ ಉಕ್ಕಿನ ಗುಣ ತಿಳಿಯದಿದ್ದರೆ ಪ್ರಯೋಜನವಿಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ 1903ರ ಮಾದರಿಯ ರೈಫಲುಗಳ ಕಥೆ ಇದಕ್ಕೆ ನಿದರ್ಶನ. 1917ರಲ್ಲಿ ಕೆಲವು ರೈಫಲುಗಳು ಒಡೆದು ಚೂರಾದಾಗ ವಿಚಾರಣೆ ನಡೆಯಿತು. ಕುಲುಮೆಯಲ್ಲಿ ಉಕ್ಕು ಎಷ್ಟು ಕಾದಿದೆಯೆಂಬುದನ್ನು ಅಲ್ಲಿಯವರೆಗೆ ಅನುಭವಿ ಕಮ್ಮಾರರು ಬಣ್ಣ ನೋಡಿಯೇ ನಿರ್ಧರಿಸುತ್ತಿದ್ದರು. ತಾಪಮಾಪಕವನ್ನು ತಂದು ಪರೀಕ್ಷಿಸಿದಾಗ, ಮೋಡ ಕವಿದ ದಿನ ಸರಿಯೆನಿಸಿದ ಕೆಂಪಿಗಿಂತ ಬಿಸಿಲಿನ ದಿನ ಸರಿಯೆನಿಸಿದ ಕೆಂಪು 300 ಫ್ಯಾರನ್‌ಹೀಟ್ ಡಿಗ್ರಿಗಳವರೆಗೂ ಹೆಚ್ಚು ಬಿಸಿಯಾಗಿರುವುದು ಕಂಡುಬಂದಿತು. ಬೆಳಕು ಹೆಚ್ಚಿದ್ದಾಗ ಕಾದ ಲೋಹ ಮಂಕಾಗಿ ತೋರುತ್ತದೆ. ಕಮ್ಮಾರನು ಇನ್ನಷ್ಟು ಕಾಯಿಸುತ್ತಾನೆ. ಉಕ್ಕು ಬೆಂದು ಪೆಡಸಾಗುತ್ತದೆ. ಜೂಲಿಯನ್ ಹ್ಯಾಚರ್ ಎಂಬ ಸೇನಾಧಿಕಾರಿ 1947ರ ತನ್ನ ಗ್ರಂಥದಲ್ಲಿ ಇದೆಲ್ಲವನ್ನೂ ದಾಖಲಿಸಿದ್ದಾನೆ. ಅಲ್ಲಿ ತಯಾರಾದ ರೈಫಲುಗಳಲ್ಲಿ 8,00,000ಕ್ಕಿಂತ ಕೆಳಗಿನ ಕ್ರಮಸಂಖ್ಯೆಯವನ್ನು ಅಂದಿನಿಂದ ಇಂದಿನವರೆಗೂ ಶಂಕೆಯಿಂದಲೇ ಕಾಣುತ್ತಾರೆ. ಯಾವುದು ಬಿಸಿಲಿನ ದಿನದ್ದು, ಯಾವುದು ಮೋಡದ ದಿನದ್ದು ಎಂದು ಹೊರಗಿನಿಂದ ನೋಡಿ ಹೇಳುವಂತಿಲ್ಲ.

ಹಾಗಾದರೆ ಎರಕದ ಗುಂಡಿನ ಮಿತವಾದ ತೋಟಾವೇ ಕ್ಷೇಮವಲ್ಲವೆ ಎಂದರೆ, ಬಹುಪಾಲು ಹೌದು. ಹಳೆಯ ರೈಫಲುಗಳು ಇಂದಿಗೂ ಬದುಕಿರುವುದು ಹೆಚ್ಚಾಗಿ ಅದರಿಂದಲೇ. ಆದರೆ ಮಿತವಾದ ತೋಟಾದಲ್ಲಿ ಬೇಗ ಉರಿಯುವ ಮದ್ದು ಕೋಶದ ಒಂದು ಮೂಲೆಯಲ್ಲಿ ಮಾತ್ರ ಇರುತ್ತದೆ. ಮರೆತು ಎರಡನೆಯ ಸಲ ಸುರಿದರೂ ಹೊರಚೆಲ್ಲುವುದಿಲ್ಲ. ಮೇಲೆ ಹೇಳಿದ ಯಾವ ಸೂತ್ರವೂ, ಯಾವ ಮಾಪಕವೂ ಈ ಎರಡನೆಯ ಸುರಿತವನ್ನು ಮುಂದಾಗಿ ತಿಳಿಸಲಾರದು. ಅನುಭವಿಗಳು ಅದಕ್ಕೆಂದೇ ಮದ್ದು ಹಾಕಿದ ಕೋಶಗಳನ್ನೆಲ್ಲ ಮರದ ಹಲಗೆಯ ಗುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂಡಿಸುವ ಮೊದಲು ದೀಪ ಹಿಡಿದು ಒಂದೊಂದರೊಳಗೂ ಇಣುಕಿ ಮದ್ದಿನ ಮಟ್ಟವನ್ನು ನೋಡುತ್ತಾರೆ. ಮದ್ದು ತೀರ ಕಡಿಮೆಯಾದರೆ ಗುಂಡು ನಳಿಗೆಯ ನಡುವೆಯೇ ಸಿಲುಕಬಹುದು. ಅದರ ಹಿಂದೆ ಹಾರಿಸಿದ ಮುಂದಿನ ಈಡು ನಳಿಗೆಯನ್ನು ಉಬ್ಬಿಸುತ್ತದೆ, ಇಲ್ಲವೇ ಸೀಳುತ್ತದೆ. ಶಬ್ದವು ಎಂದಿನಂತಿರದೆ ಸಪ್ಪೆಯೆನಿಸಿದರೆ ಅವರು ಅಲ್ಲಿಗೇ ನಿಲ್ಲಿಸಿ, ರೈಫಲಿನ ಬೋಲ್ಟನ್ನು ತೆರೆದು, ತೋಟಾ ಒಳಗಿಲ್ಲವೆಂಬುದನ್ನು ಖಚಿತಪಡಿಸಿಕೊಂಡು, ನಳಿಗೆಯ ಬಾಯಿಂದ ಹಿತ್ತಾಳೆಯ ಸಲಾಕೆಯೊಂದನ್ನು ಇಳಿಬಿಡುತ್ತಾರೆ. ಅದು ಮತ್ತೊಂದು ತುದಿಯಲ್ಲಿ ಕಂಡ ಮೇಲೆಯೇ ಮುಂದಿನ ತೋಟಾಕ್ಕೆ ಕೈಹಾಕುತ್ತಾರೆ.